ಗುಪ್ತ ವಿನಂತಿಗೆ ಒಂದು ಆಮೆನ್

“ಪ್ರಾರ್ಥನಾ ವಿನಂತಿ ಯಾರ್ಯಾರವು ಅವ, ಹೇಳ್ರಿ,” ಎಂದರು ಪಾಸ್ಟರ್ ಅಯ್ಯನವರು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಮಾನ್ವಿಯ ಆ ಸಣ್ಣ ಸಭೆಯ ಗುರುವಾರದ ಕೂಟ ಈ ಸಲ ಮೂಕಮ್ಮನ ಮನೆಯಲ್ಲಿ. ಗಂಡಸರಿಗೆ ಒಂದು ಚಾಪೆ, ಹೆಂಗಸರಿಗೆ ಒಂದು ಚಾಪೆ. ಮೂಕಮ್ಮ ತನ್ನ ಮೊಣಕಾಲು ನೋವು ಹೇಳಿದಳು, ಎಮ್ಮೆ ಹಾಲು ಕೊಡದ್ದನ್ನೂ ಸೇರಿಸಿದಳು. ಆಮೇಲೆ ಸತ್ಯಮಿತ್ರ ತೊಡೆಯ ಮೇಲಿನ ಡೋಲಕ್ ಪಕ್ಕಕ್ಕಿಟ್ಟು ಕೆಮ್ಮಿದ.

“ನಂದು ಈ ವಾರಾನೂ ಅದ ಗುಪ್ತ ವಿನಂತಿರೀ.”

ಬಾಯಿಬಿಟ್ಟು ಹೇಳಲಾಗದ್ದನ್ನು ಗುಪ್ತ ಎಂದರೆ ಸಾಕು. ಏನೆಂದು ಯಾರೂ ಕೇಳುವುದಿಲ್ಲ, ಎಲ್ಲರೂ ಸೇರಿ ದೇವರಲ್ಲಿ ಬೇಡುತ್ತಾರೆ. “ಆಮೆನ್!” ಎಂದು ಎಲ್ಲರಿಗಿಂತ ಜೋರಾಗಿ ಅಂದವರು ಸಭೆಯ ಹಿರಿಯರಾದ ಜೀವರತ್ನ ಮಾಸ್ತರರು.

ಅವರ ಮಗಳು ಕೃಪಾ ಮಾತ್ರ ತುಟಿ ಬಿಗಿದಳು. ಅವಳು ನೋಡಿದ್ದಳು. ಗುಪ್ತ ಎನ್ನುವಾಗ ಅವನ ನೋಟ ಹೆಂಗಸರ ಚಾಪೆಯ ಕಡೆ ಒಮ್ಮೆ ಹಾರಿ, ಕೆಳಗಿಳಿದು, ಮತ್ತೆ ಕಳ್ಳನ ಹಾಗೆ ಮೇಲೆದ್ದಿತು. ಚಾಪೆಯ ಆ ತುದಿಯಲ್ಲಿದ್ದವರು ಇಬ್ಬರೇ. ಒಬ್ಬಳು ಕೃಪಾ. ಇನ್ನೊಬ್ಬಳು ರಾಯಚೂರಿನಿಂದ ಸರಕಾರಿ ದವಾಖಾನೆಗೆ ಹೊಸದಾಗಿ ಬಂದ ನರ್ಸ್ ಸುವಾರ್ತಾ. ಬಿಳಿ ಸೀರೆ, ಕೈಯಲ್ಲಿ ವಾಚು, ಹಾಡಿದರೆ ಬೀದಿಯ ಮಂದಿ ನಿಲ್ಲಬೇಕು. ಅವಳು ಬಂದ ವಾರವೇ ಈ ಗುಪ್ತ ವಿನಂತಿ ಶುರುವಾಗಿದ್ದು. ಈ ಲೆಕ್ಕ ಬಿಡಿಸಲು ಮಾಸ್ತರರ ಮಗಳೇ ಆಗಬೇಕೆ?

ಅದೇ ವಾರ ದೇವದುರ್ಗದಿಂದ ತನಗೊಂದು ಸಂಬಂಧ ಬಂದದ್ದು ಅವಳ ಲೆಕ್ಕಕ್ಕೆ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಬುದ್ಧಿ ಎಲ್ಲಿ?

ಎಲ್ಲರೂ ಮೊಣಕಾಲೂರಿದರು. “ಸತ್ಯಮಿತ್ರನ ವಿನಂತಿ ಈಡೇರಿಸಪ್ಪಾ,” ಎಂದು ಸುವಾರ್ತಾ ಪಕ್ಕದಲ್ಲೇ ಬೇಡುತ್ತಿದ್ದಳು. ಆಹಾ, ಎಷ್ಟು ಅವಸರ ನೋಡು! ಕೃಪಾ ಸೆರಗನ್ನು ಮುಖಕ್ಕೆಳೆದುಕೊಂಡು ಪಿಸುಗುಟ್ಟಿದಳು:

“ಕೊಡಬ್ಯಾಡಪ್ಪಾ. ಬ್ಯಾರೆ ಏನ್ ಬೇಕಾದ್ರೂ ಕೊಡು, ಅದೊಂದು ಕೊಡಬ್ಯಾಡ.”

ಕೂಟ ಮುಗಿದ ಮೇಲೆ ಸುವಾರ್ತಾಳನ್ನು ಕ್ವಾರ್ಟರ್ಸ್‌ವರೆಗೆ ಬಿಟ್ಟು ಬರುವ ಕೆಲಸವನ್ನು ಪಾಸ್ಟರರು ಸತ್ಯಮಿತ್ರನಿಗೇ ಒಪ್ಪಿಸಿದ್ದರು. ಲಾಟೀನು ತಿರುವಿನಲ್ಲಿ ಮರೆಯಾಯಿತು, ಇಬ್ಬರೂ ನಕ್ಕದ್ದು ಮಾತ್ರ ಕೇಳಿಸಿತು. ಕೃಪಾಗೆ ಮೈಯೆಲ್ಲ ಉರಿಯಿತು. ಹತ್ತಿ ಮಿಲ್ಲಿನಲ್ಲಿ ತೂಕದ ಕೆಲಸ ಮಾಡುವ ಈ ಹುಡುಗ ತನ್ನ ಜೊತೆ ಕೂತು ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಮಾಡಿದವ. ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುವಾಗ ಕರೆಯುತ್ತಿದ್ದದ್ದು ತನ್ನನ್ನೇ.

‘ಏಣಿ ಹಿಡಿಯಾಕ ನಾ ಬೇಕು. ಲಾಟೀನು ಹಿಡಿಯೂದು ಆಕಿಗೆ!’

ಮನೆಗೆ ಬಂದವಳೇ ಅವ್ವನಿಗೆ ಹೇಳಿಬಿಟ್ಟಳು. “ದೇವದುರ್ಗದವರಿಗೆ ಬರ್ರಿ ಅನ್ನು. ನಾ ಒಪ್ಪೀನಿ.”

“ಏನಾತಬೇ ಒಮ್ಮಿಗೇ?”

“ಏನಿಲ್ಲ.”

ಅವರು ಸೋಮವಾರ ಬರುವುದೆಂದಾಯಿತು. ಮಾತು ಆಡಿದ್ದೇನೋ ಆಯಿತು, ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯೆಲ್ಲ ರೊಟ್ಟಿ ಹಂಚಿಕೊಳ್ಳುವ ದಿನ. ರೊಟ್ಟಿ ಮುರಿಯುವ ಮೊದಲು ಪಾಸ್ಟರರು ಎಂದಿನಂತೆ ಹೇಳಿದರು. “ಯಾರ ಮ್ಯಾಲರ ಸಿಟ್ಟು ಇದ್ರ, ಹೋಗಿ ಸಮಾಧಾನ ಮಾಡ್ಕೊಂಡು ಬರ್ರಿ. ಸಭಿ ಕಾಯ್ತದ.”

ಅಲ್ಲಿ ಇದು ಬಾಯಿಮಾತಲ್ಲ. ಮನಸ್ಸು ಮುರಿದವರು ಹೊರಗಿನ ಬೇವಿನ ಮರದ ಕೆಳಗೆ ಬಗೆಹರಿಸಿಕೊಂಡು ಬರುವವರೆಗೆ ಒಳಗೆ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಾರೆ. ಒಮ್ಮೆ ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಮಧ್ಯಾಹ್ನದವರೆಗೆ ಹಾಡಿದ್ದುಂಟು.

ಹಾಡು ಶುರುವಾಯಿತು. ಸುವಾರ್ತಾ ಹಾಡಿನ ಪುಸ್ತಕದ ಅರ್ಧವನ್ನು ಕೃಪಾಳ ಕಡೆ ಸರಿಸಿದಳು. ಆ ಒಳ್ಳೆಯತನ ಇನ್ನಷ್ಟು ಚುಚ್ಚಿತು. ಒಳಗೆ ಇಷ್ಟು ಕಿಚ್ಚು ಇಟ್ಟುಕೊಂಡು ರೊಟ್ಟಿಗೆ ಕೈ ಚಾಚುವುದು ಹೇಗೆ?

“ಏಳ್ರಿ ಅಕ್ಕಾ, ಹೊರಗ ಬರ್ರಿ.”

ಬೇವಿನ ಕೆಳಗೆ ಕೃಪಾ ಸುತ್ತಿಬಳಸಲಿಲ್ಲ. “ನಿಮ್ಮ ಮ್ಯಾಲ ನನಗ ಭಾಳ ಸಿಟ್ಟದರಿ.”

“ನಾ ಏನ್ ಮಾಡೀನವಾ?”

“ಸತ್ಯಮಿತ್ರ ನಿಮ್ಮ ಮ್ಯಾಲ ಮನಸಿಟ್ಟಾನ. ಅವನ ಗುಪ್ತ ವಿನಂತಿ ನೀವ. ಎಲ್ಲಾರೂ ಕೊಡು ಅಂತ ಬೇಡಿದ್ರ, ನಾ ಒಬ್ಬಾಕಿ ಕೊಡಬ್ಯಾಡ ಅಂತ ಬೇಡೀನಿ.” ಹೇಳುತ್ತಲೇ ಅವಳ ಕಣ್ಣು ತುಂಬಿತು.

ಸುವಾರ್ತಾ ಬಾಯಿಗೆ ಸೆರಗು ಒತ್ತಿ ನಕ್ಕಳು. “ಯವ್ವಾ! ಅವ ಅರ್ಧ ದಾರಿ ‘ಕೃಪಾ ಏನಂದ್ಲು’ ಅಂತಾನ, ಉಳಿದರ್ಧ ‘ದೇವದುರ್ಗದವರು ಯಾವಾಗ ಬರ್ತಾರ’ ಅಂತಾನ. ನನ್ನ ತಲಿ ತಿಂದಾನ! ನಿನಗ ಆ ಸಂಬಂಧ ಬಂದ ವಾರಾನ ಅವ ವಿನಂತಿ ಶುರು ಮಾಡಿದ್ದು.”

“ಮತ್ತ ನೀವು ಬೇಡಾಕತ್ತಿದ್ದು?”

“ನಿಮ್ಮಿಬ್ಬರ ಸಲುವಾಗಿ, ಹುಚ್ಚೀ. ನನ್ನ ಮನಿಯವರೆಲ್ಲಾ ರಾಯಚೂರಾಗ ಅದಾರ. ಈ ಊರಾಗ ನನಗ ಯಾರದಾರ, ನಿಮ್ಮನ್ನ ಬಿಟ್ರ?”

ಭೂಮಿ ಬಾಯಿ ಬಿಡಬಾರದೇ ಅನಿಸಿತು ಕೃಪಾಗೆ. ಸುವಾರ್ತಾಳ ಎರಡೂ ಕೈ ಹಿಡಿದು ತಪ್ಪಾಯಿತೆಂದಳು. ಒಳಗೆ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.

“ಇನ್ನೊಬ್ಬರ ಸಮಾಧಾನ ಬಾಕಿ ಅದ. ಕಳಸ್ತೀನಿ ತಡಿ,” ಎಂದು ಸುವಾರ್ತಾ ಒಳಗೆ ಹೋದಳು. ಡೋಲಕ್ ಥಟ್ಟನೆ ನಿಂತಿತು.

ಸತ್ಯಮಿತ್ರ ಅಂಗಿಯ ತೋಳು ಮಡಚುತ್ತ, ಬಿಚ್ಚುತ್ತ ಬಂದ.

“ನಿನ್ನ ವಿನಂತಿ ಈಡೇರಬಾರದು ಅಂತ ನಾ ಪ್ರಾರ್ಥನಾ ಮಾಡೀನಿ,” ಎಂದಳು.

ಅವನ ಮುಖ ಬಾಡಿತು. “ಹಂಗಾದ್ರ… ದೇವದುರ್ಗದಾಂವನ ನಿನಗ ಇಷ್ಟ ಏನು?”

“ಅಯ್ಯ ನಿನ್ನ! ಸುವಾರ್ತಕ್ಕನ ಬೇಡಾಕತ್ತಿ ಅಂದ್ಕೊಂಡಿದ್ದೆ. ನಾನ ಅಂತ ಹೇಳಾಕ ಏನಾಗಿತ್ತು?”

“ನಿಮ್ಮಪ್ಪಾರ ಮುಂದ ಬಾಯಿ ಒಣಗ್ತದ. ಅದಕ್ಕ ದೇವರಿಗೆ ಹೇಳ್ದೆ.” ಚಾಪೆಯ ಕಡೆ ಹಾರಿ ಇಳಿಯುತ್ತಿದ್ದ ಆ ನೋಟ ಈಗ ಇಳಿಯಲಿಲ್ಲ. “ನನಗ ನೀ ಬೇಕು, ಕೃಪಾ.”

“ನನಗೂ ನೀನ ಬೇಕು. ಯಾವಾಗಿಂದೋ.”

“ಸಮಾಧಾನ ಆತೋ ಇಲ್ಲೋ? ಮಂದಿ ಗಂಟಲು ಹರ್ಕೊಳ್ಳಾಕತ್ತಾರ!” ಬಾಗಿಲಲ್ಲಿ ಮಾಸ್ತರರು ನಿಂತಿದ್ದರು.

ಸತ್ಯಮಿತ್ರ ಒಂದು ಹೆಜ್ಜೆ ಮುಂದೆ ಬಂದ. “ಮಾಸ್ತರ್ರೀ… ನನ್ನ ಗುಪ್ತ ವಿನಂತಿ ನಿಮ್ಮ ಮಗಳರೀ.”

ಒಳಗೆ ಹಾಡು ನಿಂತೇ ಹೋಯಿತು. ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

“ನೀ ಏನಂತಿ?” ಎಂದು ಮಗಳನ್ನು ಕೇಳಿದರು.

“ಆಮೆನ್, ಅಪ್ಪಾ.”

“ಹೂಂ. ವಾರಾ ವಾರಾ ಎಲ್ಲಾರಕಿಂತ ಜೋರ್ಲೆ ಆಮೆನ್ ಅಂದಾಂವ ನಾನ. ದೇವರ ಮುಂದ ಅಂದದ್ದನ್ನ ಈಗ ಹೆಂಗ ವಾಪಸ್ ತಗೊಳ್ಳಲಿ? ಮಧ್ಯಾಹ್ನದ ಬಸ್ಸಿಗೆ ನಾನ ದೇವದುರ್ಗಕ್ಕ ಹೋಗಿ, ಕೈಮುಗದು ಹೇಳಿ ಬರ್ತೀನಿ. ನಡೀರಿ ಒಳಗ, ರೊಟ್ಟಿ ಕಾಯಾಕತ್ತದ.”

ಕೃಪಾ ಸುವಾರ್ತಾಳ ಪಕ್ಕದಲ್ಲೇ ಮೊಣಕಾಲೂರಿದಳು. “ದೇವರು ನನ್ನ ಮಾತು ಕೇಳಲೇ ಇಲ್ಲ ಅಕ್ಕಾ,” ಎಂದು ಪಿಸುಗುಟ್ಟಿದಳು.

“ಕೇಳಿದ್ದರ ಏನ್ ಗತಿ ಆಗ್ತಿತ್ತವಾ!” ಎನ್ನುತ್ತ ಸುವಾರ್ತಾ ಪುಸ್ತಕದ ಅರ್ಧವನ್ನು ಮತ್ತೆ ಅವಳ ಕಡೆ ಸರಿಸಿದಳು.