ಮೂರು ಇಂಚಿನ ಕಳ್ಳತನ

ಸಬೀನಾಳಿಗೂ ಅವಳ ಉಮ್ಮನಿಗೂ ನಡುವೆ ಅಡ್ಡ ನಿಂತದ್ದು ಬರೀ ಮೂರು ಇಂಚು. ಎರಡು ಇಂಚು ಹೊಸ ಸ್ಪ್ರಿಂಗುಗಳದ್ದು, ಒಂದು ಇಂಚು ಹೊಸ ಟೈರುಗಳದ್ದು. ಫಳ್ನೀರಿನ ಅವರ ಫ್ಲ್ಯಾಟಿನ ಕೆಳಗೆ ಸಾಧುವಾಗಿ ನಿಲ್ಲುತ್ತಿದ್ದ ಏಳು ಸೀಟಿನ ಬಿಳಿ ಕಾರು ಅಷ್ಟು ಎತ್ತರಕ್ಕೆ ಏರಿದ ಮೇಲೆ ಅದಕ್ಕೆ ಹತ್ತುವುದೆಂದರೆ ತೆಂಗಿನಮರ ಹತ್ತಿದ ಹಾಗೆ ಆಗಿತ್ತು. ಪೆರ್ನಾಳ್ ಹಬ್ಬದ ದಿನ ಉಮ್ಮ, ಅಂದರೆ ಕುಳಾಯಿಯ ಆಸ್ಯಮ್ಮ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಬುರ್ಖಾ ಹಿಡಿದು ಒಂದು ಕಾಲು ಮೇಲಿಟ್ಟರು. ಇನ್ನೊಂದು ಕಾಲು ಮೇಲೆ ಬರಲಿಲ್ಲ. ನೆರೆಹೊರೆಯವರೆಲ್ಲ ನೋಡುತ್ತಿರುವಾಗಲೇ ಫ್ಲ್ಯಾಟಿನ ಅಂಗಳದಲ್ಲಿ ಕುಕ್ಕರುಬಡಿದು ಬಿದ್ದರು. ಮೂಳೆಗೆ ಏನೂ ಆಗಲಿಲ್ಲ. ಮರ್ಯಾದೆಗೆ ಆಯಿತು.

"ಇನ್ನು ನನ್ನನ್ನು ಆ ಲಾರಿಗೆ ಹತ್ತಿಸ್ಬೇಡಿ," ಎಂದವರು ಮತ್ತೆ ಮಗಳ ಮನೆಗೆ ಬರಲೇ ಇಲ್ಲ. ನಾಲ್ಕು ತಿಂಗಳಾಯಿತು. ಆಟೋದಲ್ಲಿ ಬನ್ನಿ ಎಂದರೆ, ಅಳಿಯನ ಮನೆಗೆ ಬಾಡಿಗೆ ಕೊಟ್ಟು ಹೋಗುವಷ್ಟು ನಾನು ಬಿಟ್ಟಿ ಬಿದ್ದಿಲ್ಲ ಎನ್ನುತ್ತಿದ್ದರು. ಹಟದಲ್ಲಿ ಉಮ್ಮ ಮಗಳು ಇಬ್ಬರೂ ಒಂದೇ ಅಚ್ಚು.

ಅನ್ಸಾರ್ ಕೆಟ್ಟ ಗಂಡನೇನೂ ಅಲ್ಲ. ಪಂಪ್‌ವೆಲ್ ಹತ್ತಿರ ಟೈಲ್ಸ್ ಅಂಗಡಿ, ಬಾಯಿ ತುಂಬ ಮಾತು, ಮಗಳು ಮುಫೀದಾಳ ಮೇಲೆ ಪ್ರಾಣ. ಯಾವುದೋ ವಿಡಿಯೋ ನೋಡಿ ತಲೆಗೆ ಹುಳ ಬಿಟ್ಟುಕೊಂಡಿದ್ದ, ಅಷ್ಟೇ. "ದಿನಾ ಓಡಿಸ್ಲಿಕ್ಕೂ ಆಗ್ತದೆ, ಆದಿತ್ಯವಾರ ಲೈಟಾಗಿ ಆಫ್‌ರೋಡಿಗೂ ಆಗ್ತದೆ," ಎಂದು ಶುರು ಮಾಡಿದ್ದು. ದಿನಾ ಓಡಿಸುವವಳು ಅವಳು, ಲೈಟಾಗಿ ಓಡಿಸುವವನು ಅವನು. ವಾರದ ಆರು ದಿನ ಅವಳು ಮಗಳನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಆಸ್ಪತ್ರೆಯ ಫಾರ್ಮಸಿಗೆ ಹೋಗುತ್ತಿದ್ದಳು. ಏಳನೆಯ ದಿನ ಅವನು ಗೆಳೆಯರ ಜೊತೆ ಯಾವುದೋ ಕಲ್ಲುಕೋರೆಯ ಕೆಸರಿಗೆ ಕಾರು ಇಳಿಸಿ, ಎಳೆದು ತೆಗೆದು, ಫೋಟೋ ಹಾಕುತ್ತಿದ್ದ. ಗ್ರೂಪಿನ ಹೆಸರು 'ಕೆಸರು ಬ್ರದರ್ಸ್'.

ಆ ಗ್ರೂಪೇ ಎಲ್ಲ ಕೆಡಿಸಿತು. ಉಮ್ಮ ಬಿದ್ದದ್ದನ್ನು ಅನ್ಸಾರ್ ಅಲ್ಲಿ ತಮಾಷೆ ಮಾಡಿ ಬರೆದ. ಅಡ್ಮಿನ್ ಮುಝಮ್ಮಿಲ್ ಉತ್ತರ ಕೊಟ್ಟ: "ಕಾರು ಎತ್ತರಿಸಿದ ಹಾಗೆ ಉಮ್ಮನಿಗೂ ಒಂದು ಲಿಫ್ಟ್ ಕಿಟ್ ಹಾಕಿಸು ಮಾರಾಯ." ಹದಿನಾಲ್ಕು ಜನ ಅದಕ್ಕೆ ನಕ್ಕಿದ್ದರು. ಗಂಡನ ಫೋನಿನಲ್ಲಿ ಅದನ್ನು ಓದಿದ ಕ್ಷಣ ಸಬೀನಾಳ ಮೈ ಉರಿದುಹೋಯಿತು. ಕಾರು ಇಳಿಸಿ ಎಂದು ಅವಳು ಮೂರು ಸಲ ಕೇಳಿದ್ದಳು. ಮೂರನೆಯ ಸಲ ಅವನು ಒಂದು ಪ್ಲಾಸ್ಟಿಕ್ ಸ್ಟೂಲ್ ತಂದುಕೊಟ್ಟಿದ್ದ. ನಾಲ್ಕನೆಯ ಸಲ ಅವಳು ಕೇಳಲಿಲ್ಲ. ಕದಿಯುವುದೆಂದು ತೀರ್ಮಾನಿಸಿದಳು.

ತನ್ನದೇ ಕಾರಿನಿಂದ ತಾನೇ ಕದಿಯುವುದರಲ್ಲಿ ಒಂದು ದೊಡ್ಡ ಅನುಕೂಲ ಉಂಟು: ಬೀಗ ಮುರಿಯಬೇಕಾಗಿಲ್ಲ. ಇನ್ನೊಂದು ಅನುಕೂಲ ಅವಳಿಗೆ ಹಲ್ಲುಜ್ಜುವಾಗ ಹೊಳೆಯಿತು. ಸ್ಪ್ರಿಂಗು, ಟೈರಿನ ಜೊತೆಗೆ ಅನ್ಸಾರ್ ಮುಂದೆ ಬಿಗಿಸಿದ ಆ ಕಬ್ಬಿಣದ ಗಾರ್ಡ್, ಗುಡುಗುಡು ಎನ್ನುವ ಆ ಸೈಲೆನ್ಸರ್, ಮಾಡಿನ ಮೇಲಿನ ಆ ಲೈಟುಗಳು, ಯಾವುದಕ್ಕೂ ಆರ್‌ಟಿಓ ಒಪ್ಪಿಗೆ ಇರಲಿಲ್ಲ. ವಿಮೆಯವರಿಗೂ ಹೇಳಿರಲಿಲ್ಲ. ಹಾಗಾದರೆ ಕಳುವಾದರೆ ಅನ್ಸಾರ್ ಯಾರಿಗೆ ದೂರು ಕೊಡುತ್ತಾನೆ? ಪೊಲೀಸರ ಹತ್ತಿರ ಹೋದರೆ ಮೊದಲು ಅವನಿಗೇ ದಂಡ. ಕಳ್ಳತನ ಆದ ಮೇಲೆ ಕಳಕೊಂಡವನೇ ಬಾಯಿ ಮುಚ್ಚಿಕೊಂಡು ಕೂರುವ ಕಳ್ಳತನ! ಬಾಯಿಯಲ್ಲಿ ಪೇಸ್ಟ್ ಇಟ್ಟುಕೊಂಡೇ ಅವಳು ಕನ್ನಡಿಯಲ್ಲಿ ತನ್ನನ್ನೇ ನೋಡಿ ಮೆಚ್ಚಿಕೊಂಡಳು. ಹನ್ನೊಂದು ವರ್ಷ ಡಾಕ್ಟರುಗಳ ಕೈಬರಹ ಓದಿದವಳಿಗೆ ಗಂಡನ ಮನಸ್ಸು ಓದುವುದು ಯಾವ ದೊಡ್ಡ ವಿಷಯ?

ವರ್ಷಕ್ಕೊಮ್ಮೆ ಅನ್ಸಾರ್ ಟೈಲ್ಸ್ ನೋಡಲು ಗುಜರಾತಿನ ಮೋರ್ಬಿಗೆ ಹೋಗುತ್ತಾನೆ. ಈ ಸಲ ಎರಡು ವಾರ. ಅವಳಿಗೆ ಬೇಕಾದದ್ದು ಎರಡೇ ದಿನ, ಮತ್ತು ಸ್ಪ್ಯಾನರ್ ಹಿಡಿಯಬಲ್ಲ ಒಬ್ಬ ಮನುಷ್ಯ.

ಆ ಮನುಷ್ಯ ಮಣ್ಣಗುಡ್ಡದಲ್ಲಿದ್ದ. ಆಂಬ್ರೋಸ್ ಅಂಕಲ್‌ಗೆ ಅರವತ್ತೆಂಟು ವಯಸ್ಸು, ಮನೆಯ ಹಿಂದೆಯೇ ಗ್ಯಾರೇಜು. ಅನ್ಸಾರನ ಹಳೆಯ ಮೆಕ್ಯಾನಿಕ್ ಅವರೇ. ಸ್ಪ್ರಿಂಗ್ ಏರಿಸಿಕೊಡಿ ಎಂದು ಅವನು ಕೇಳಿದ್ದಾಗ, "ಕಂಪೆನಿಯ ಇಂಜಿನಿಯರ್ ಎಂತ, ಹುಚ್ಚನಾ?" ಎಂದು ಬೈದು ಕಳಿಸಿದ್ದರು. ಅನ್ಸಾರ್ ಬೇರೆ ಕಡೆ ಹೋಗಿ ಮಾಡಿಸಿಕೊಂಡ. ಅಂದಿನಿಂದ ಆ ಕಾರು ರಸ್ತೆಯಲ್ಲಿ ಎದುರಾದರೆ ಅಂಕಲ್ ಮುಖ ತಿರುಗಿಸುತ್ತಿದ್ದರು. ಸಬೀನಾ ಹೋಗಿ ವಿಷಯ ಹೇಳಿದಾಗ ಅವರು ಎರಡು ನಿಮಿಷ ಗಡ್ಡ ಕೆರೆದುಕೊಂಡರು.

"ಇದು ಪಾಪ ಆಗ್ತದಾ ಇಲ್ವಾ ಅಂತ ನನಗೆ ಗೊತ್ತಿಲ್ಲ," ಎಂದರು. "ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬರ್ತೇನೆ. ಹತ್ತು ಗಂಟೆಗೆ ಕಾರು ತಾ. ಹಳೇ ಸ್ಪ್ರಿಂಗು, ಟೈರು, ಸೈಲೆನ್ಸರು ಉಂಟಲ್ಲ?"

ಇತ್ತು. ಅಂಗಡಿಯ ಗೋಡೌನಿನಲ್ಲಿ ಎಲ್ಲವನ್ನೂ ಗೋಣಿ ಹೊದೆಸಿ ಇಟ್ಟಿದ್ದ ಅನ್ಸಾರ್. ಮುಂದೊಂದು ದಿನ ಮಾರುವಾಗ ಬೇಕಾಗುತ್ತದೆ ಎಂಬ ಜಾಗ್ರತೆ ಅವನದು. ಆ ಜಾಗ್ರತೆಗೆ ಅವಳು ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದಳು.

ಏನೇನು ಹೋಗಬೇಕು ಎಂದು ಅವಳು ಒಂದು ಚೀಟಿಯಲ್ಲಿ ಬರೆದುಕೊಂಡಳು. ಬಿಲ್ಲುಗಳನ್ನು ನೋಡಿ ಬರೆಯಲಿಲ್ಲ, ಮೈನೋವು ನೋಡಿ ಬರೆದಳು. ಉಮ್ಮನನ್ನು ಕೆಡವಿದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಮೊದಲು. ನಂತೂರಿಗೆ ತಲುಪುವಷ್ಟರಲ್ಲಿ ಕಿವಿಯಲ್ಲಿ ಜೇನು ಗೂಡು ಕಟ್ಟಿದ ಹಾಗೆ ಗುಂಯ್‌ಗುಟ್ಟುವ ಟೈರು ಎರಡನೆಯದು. ಆಸ್ಪತ್ರೆಯ ಗೇಟಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ಮಾಡುವ ಸೈಲೆನ್ಸರ್ ಮೂರನೆಯದು. ಪಾರ್ಕಿಂಗಿನಲ್ಲಿ ಅವಳ ಮೊಣಕಾಲಿಗೆ ಎರಡು ಸಲ ತಾಗಿದ ಮುಂದಿನ ಗಾರ್ಡ್. ಆನೆಯ ಸೊಂಡಿಲಿನ ಹಾಗೆ ಮೇಲೆದ್ದ, ಸ್ನಾರ್ಕೆಲ್ ಎಂಬ ಗಾಳಿ ಕೊಳವೆ. ಮಾಡಿನ ಮೇಲಿನ ಲೈಟು, ಕ್ಯಾರಿಯರ್. ಚೀಟಿ ಬಾಯಿಪಾಠ ಆದ ಮೇಲೆ ಹರಿದು ಒಲೆಗೆ ಹಾಕಿದಳು.

ಉಳಿದದ್ದೂ ಹಾಗೇ, ಅಳೆದು ತೂಗಿ. ಫ್ಲ್ಯಾಟಿನಲ್ಲಿ ಸಿಸಿಟಿವಿ ಇದೆ, ಆದ್ದರಿಂದ ಕಳ್ಳತನ ಅಲ್ಲಿ ಆಗಕೂಡದು. ಶುಕ್ರವಾರ ಮಗಳನ್ನು ಕರೆದುಕೊಂಡು ಕುಳಾಯಿಗೆ ಹೋದಳು. ಉಮ್ಮನ ಮನೆಯ ಓಣಿಗೆ ಆ ಕಾರು ಹೇಗೂ ನುಗ್ಗುವುದಿಲ್ಲ. ಹಿಂದೆ ಮುಚ್ಚಿಹೋದ ಐಸ್ ಪ್ಲಾಂಟಿನ ಗೋಡೆಯ ಮರೆಯಲ್ಲಿ ನಿಲ್ಲಿಸುವುದು ರೂಢಿ. ಅಲ್ಲಿ ಕ್ಯಾಮೆರಾ ಬಿಡಿ, ನಾಯಿ ಕೂಡ ಇಲ್ಲ. ಆದಿತ್ಯವಾರ ಫೋನನ್ನು ಉಮ್ಮನ ಮನೆಯಲ್ಲೇ ಚಾರ್ಜಿಗೆ ಇಟ್ಟು ಹೊರಟಳು. ಲೊಕೇಶನ್ ನೋಡಿದವರಿಗೆ ಅವಳು ದಿನವಿಡೀ ಕುಳಾಯಿಯಲ್ಲೇ.

ಗೋಡೌನಿನಿಂದ ಅವಳು ತಂದ ಹಳೆಯ ಸಾಮಾನು ಹಾಕಲು ಎರಡು ದಿನ ಆಂಬ್ರೋಸ್ ಅಂಕಲ್ ದುಡಿದರು. ಒಂದೊಂದು ಬೋಲ್ಟ್ ಬಿಚ್ಚಿದಾಗಲೂ ಅವರ ಮುಖದಲ್ಲಿ ಒಂದು ಹಳೆಯ ಸೇಡು ತೀರುತ್ತಿತ್ತು. ಬಿಚ್ಚಿದ್ದೆಲ್ಲ ಗ್ಯಾರೇಜಿನ ಅಟ್ಟಕ್ಕೆ ಹೋಯಿತು, ಮೇಲೆ ಟಾರ್ಪಾಲು. ಸೋಮವಾರ ಮಧ್ಯಾಹ್ನ ಕಾರು ನೆಲಕ್ಕಿಳಿದಾಗ ಸಬೀನಾ ಬಾಗಿಲು ತೆಗೆದು ಸುಮ್ಮನೆ ಒಳಗೆ ಕೂತಳು. ಏರಲಿಲ್ಲ, ಕೂತಳು. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು.

ಆಮೇಲೆ ಅಂಕಲ್‌ರನ್ನೂ ಕೂರಿಸಿಕೊಂಡು ಕುಳಾಯಿಗೆ ಹೋಗಿ, ಐಸ್ ಪ್ಲಾಂಟಿನ ಹಿಂದೆ ಇಪ್ಪತ್ತು ನಿಮಿಷದ ನಾಟಕ. ಜ್ಯಾಕ್ ಕೊಟ್ಟು, ಚಕ್ರ ನಾಲ್ಕನ್ನೂ ಬಿಚ್ಚಿ, ಕೆಂಪು ಕಲ್ಲುಗಳ ಮೇಲೆ ಕಾರು ಕೂರಿಸಿ ಫೋಟೋ ತೆಗೆದಳು. ಪಕ್ಕದಲ್ಲಿ ಒಂದು ಬೀಡಿ ತುಂಡು ಬಿಸಾಡಿದರೆ ಹೇಗೆ ಎಂದು ಯೋಚಿಸಿದಳು. ಜಾಸ್ತಿ ಆಗುತ್ತದೆ ಎಂದು ಬಿಟ್ಟಳು. ಒಂದೇ ಒಂದು ನಟ್ಟನ್ನು ಹುಲ್ಲಿನ ಮೇಲೆ, ಬಿದ್ದುಹೋದ ಹಾಗೆ, ಇಟ್ಟಳು. ಅಂಕಲ್ ಚಕ್ರಗಳನ್ನು ಮತ್ತೆ ಬಿಗಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಬಸ್ಸು ಹತ್ತಿದರು.

ಫೋನಿನಲ್ಲಿ ಬಿಕ್ಕಳಿಸುವುದನ್ನು ಅವಳು ಬಚ್ಚಲಿನಲ್ಲಿ ಎರಡು ಸಲ ಅಭ್ಯಾಸ ಮಾಡಿದ್ದಳು. ಬೇಕಾಗಲಿಲ್ಲ. ಫೋಟೋ ನೋಡಿದ ಅನ್ಸಾರ್ ಕರೆ ಮಾಡಿ ಮೊದಲು ಕೇಳಿದ್ದು, "ನಿನಗೆ ಎಂತದೂ ಆಗ್ಲಿಲ್ಲ ಅಲ್ವಾ? ಮಗು ಎಲ್ಲಿ?" ಎಂದು. ಆ ಪ್ರಶ್ನೆ ಅವಳ ಯೋಜನೆಯಲ್ಲಿ ಇರಲಿಲ್ಲ. ನಿಜವಾದ ಅಳುವೇ ಬಂತು, ನಾಚಿಕೆಯೂ ಬಂತು. ಒಂದು ಗಳಿಗೆ ಎಲ್ಲ ಹೇಳಿಬಿಡೋಣ ಎನಿಸಿತು. ಅಷ್ಟರಲ್ಲಿ ಒಳಗೆ ಉಮ್ಮ ಮಂಡಿ ಹಿಡಿದುಕೊಂಡು ಏಳುವುದು ಕಂಡಿತು. ಹೇಳಲಿಲ್ಲ.

"ಗಾರ್ಡ್?"

"ಹೋಯ್ತು."

"ಸ್ಪ್ರಿಂಗ್ ಕೂಡ?"

"ಎಲ್ಲ ಹೋಯ್ತು. ಒಂದನ್ನೂ ಬಿಡ್ಲಿಲ್ಲ. ಬೋಳಿಸಿಕೊಂಡು ಹೋಗಿದ್ದಾರೆ."

"ಇದು ಸುಮ್ಮನೆ ಬಂದ ಕಳ್ಳರ ಕೆಲಸ ಅಲ್ಲ," ಎಂದ ಅನ್ಸಾರ್. "ಒಂದೊಂದಕ್ಕೂ ಎಷ್ಟು ಬೆಲೆ ಅಂತ ಗೊತ್ತಿದ್ದವರೇ ಮಾಡಿದ್ದು."

"ನನಗೂ ಹಾಗೇ ಅನ್ನಿಸ್ತದೆ," ಎಂದಳು ಸಬೀನಾ, ಮೂಗು ಒರೆಸಿಕೊಂಡು. "ಗೊತ್ತಿದ್ದವರೇ."

ಪೊಲೀಸರ ಹೆಸರನ್ನು ಅವನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಹಳೆಯ ಸಾಮಾನು ಹಾಕಿಸಿ ಸದ್ಯಕ್ಕೆ ಓಡಿಸು ಎಂದ. ಆಂಬ್ರೋಸ್ ಅಂಕಲ್‌ಗೆ ಹೇಳಲಾ ಎಂದು ಅವಳು ಹಿಂಜರಿಯುತ್ತಾ ಕೇಳಿದಳು. ಹೇಳು, ಅವರು ಎರಡು ಮಾತು ಬೈತಾರೆ, ಬೈಯಲಿ ಎಂದ.

ಯೋಜನೆ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು. ಬೆಲೆ ಗೊತ್ತಿದ್ದವರು ಎಂದರೆ ಕೆಸರು ಬ್ರದರ್ಸ್ ಅಲ್ಲದೆ ಇನ್ನಾರು? ಮೋರ್ಬಿಯ ಹೋಟೆಲಿನಲ್ಲಿ ಕೂತು ಅನ್ಸಾರ್ ಒಬ್ಬೊಬ್ಬರನ್ನೇ ತೂಗಿ ನೋಡಿ, ಕೊನೆಗೆ ಮುಝಮ್ಮಿಲನ ಮೇಲೆ ಕಣ್ಣಿಟ್ಟ. ಗ್ರೂಪಿನಲ್ಲಿ ಎಂಟು ನಿಮಿಷದ ಧ್ವನಿಸಂದೇಶ ಹಾಕಿ ಹೊರಬಂದ. ಸಬೀನಾಳಿಗೆ ಪಾಪ ಎನಿಸಿತು. ಆಮೇಲೆ ಆ ಲಿಫ್ಟ್ ಕಿಟ್ಟಿನ ಜೋಕು ನೆನಪಾಗಿ ಪಾಪ ಎನಿಸುವುದು ನಿಂತಿತು.

ಉಮ್ಮನಿಗೂ ಕಳ್ಳತನದ ಕತೆಯನ್ನೇ ಹೇಳಿದ್ದಳು. ಆಸ್ಯಮ್ಮ ಹೊರಗೆ ಬಂದು, ಕಾರನ್ನು ಒಂದು ಸುತ್ತು ಹಾಕಿ, ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಕೂತರು. ಸುತ್ತ ನೋಡಿ ತಗ್ಗಿದ ದನಿಯಲ್ಲಿ, "ಅಲ್ಲಾಹು ಆ ಕಳ್ಳರಿಗೆ ಒಳ್ಳೇದು ಮಾಡ್ಲಿ," ಎಂದರು. ಆಮೀನ್ ಎಂದಳು ಸಬೀನಾ, ಮನಸಾರೆ.

ಆ ವಾರ ಉಮ್ಮ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದರು. ಮೊಮ್ಮಗಳಿಗೆ ನೈಪತ್ತಿರ್ ರೊಟ್ಟಿ ಕರಿದುಕೊಟ್ಟರು, ಬಾಲ್ಕನಿಯಲ್ಲಿ ಕೂತು ಫಳ್ನೀರಿನ ಟ್ರಾಫಿಕ್ಕಿಗೆ ಬುದ್ಧಿ ಹೇಳಿದರು. ಮಂಡಿಗೆ ಫಿಸಿಯೋಥೆರಪಿಗೂ ಒಪ್ಪಿದರು, ವಾರಕ್ಕೆ ಎರಡು ಸಲ, ಮಗಳ ಕಾರಿನಲ್ಲಿ. ಸಬೀನಾಳಿಗೆ ಬೇಕಾಗಿದ್ದದ್ದು ಇಷ್ಟೇ. ಅನ್ಸಾರ್ ವಾಪಸು ಬರುವಷ್ಟರಲ್ಲಿ ಅವಳು ಅವನಿಗೆ ಹೇಳುವುದನ್ನೂ ಸಿದ್ಧ ಮಾಡಿಕೊಂಡಿದ್ದಳು: ಮತ್ತೆ ಹಾಕಿಸುವುದು ಬೇಡ, ಕಣ್ಣು ಬಿದ್ದ ವಸ್ತು, ಇನ್ನೊಮ್ಮೆ ಹೋದರೆ ತಡೆಯಲಿಕ್ಕಾಗುವುದಿಲ್ಲ.

ಮರುವಾರ ಬುಧವಾರ ಬೆಳಿಗ್ಗೆ ಬಜ್ಪೆ ವಿಮಾನ ನಿಲ್ದಾಣಕ್ಕೆ ಉಮ್ಮನನ್ನೂ ಕರೆದುಕೊಂಡು ಹೋದಳು. ಅಳಿಯ ಹೊರಗೆ ಬರುವಾಗ ಅತ್ತೆ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಿದ್ದರು. ಅನ್ಸಾರ್ ತಗ್ಗಿದ ಕಾರನ್ನು ನೋಡಿದ, ಮುಖ ಸಣ್ಣದಾಯಿತು. ಅತ್ತೆಯನ್ನು ನೋಡಿದ, ಮುಖ ಸ್ವಲ್ಪ ಅರಳಿತು. "ಆಯ್ತು ಬಿಡು," ಎಂದ ಹೆಂಡತಿಗೆ. "ಉಮ್ಮ ಹತ್ತಿದ್ರಲ್ಲ. ಹಾಗೇ ಇರ್ಲಿ ಇನ್ನು." ಸಬೀನಾಳ ಎದೆಯಿಂದ ನಾಲ್ಕು ತಿಂಗಳ ಭಾರ ಒಮ್ಮೆಲೇ ಇಳಿಯಿತು. ಗಂಡನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ಅವನು ಡಿಕ್ಕಿ ಎತ್ತಿ ಸೂಟ್‌ಕೇಸ್ ಒಳಗೆ ತಳ್ಳುವಷ್ಟರಲ್ಲಿ ಅವಳು ಓಡಿಬಂದಳು. "ಅಯ್ಯೋ, ಫ್ರಿಜ್ಜಿನ ಮೇಲೆ ಇಡ್ಬೇಡಿ, ನಿಮಗಂತ ಮೀನಿನ ದಕ್ಕೆಯಿಂದ ಅಂಜಲ್ ತಂದಿದ್ದೇನೆ!" ಮೂಲೆಯಲ್ಲಿ ಕಾರಿನ ಪುಟ್ಟ ಫ್ರಿಜ್ ತನ್ನ ಪಾಡಿಗೆ ಗೊರಗುಟ್ಟುತ್ತಿತ್ತು. ಕಾಡಿನಲ್ಲಿ ಟೆಂಟ್ ಹಾಕಿದಾಗ ತಣ್ಣಗಿನ ನೀರು ಬೇಕೆಂದು ಅನ್ಸಾರ್ ಸ್ಪ್ರಿಂಗುಗಳ ಜೊತೆಯಲ್ಲೇ ತರಿಸಿದ ಫ್ರಿಜ್. ನಾಲ್ಕು ಟೈರುಗಳ ಬೆಲೆಯನ್ನು ಒಟ್ಟು ಹಾಕಿದರೂ ಅದಕ್ಕೆ ಸಮ ಬಾರದು. ಅವನು ಅದರಲ್ಲಿ ನೀರಿಟ್ಟದ್ದು ಎರಡು ಸಲ. ಅವಳು ವಾರ ವಾರ ಮೀನು ತಂದು ತಂದು, ಅದು ಅವಳ ಮಟ್ಟಿಗೆ ಅಡಿಗೆಮನೆಯ ಪಾತ್ರೆಯಾಗಿ ಯಾವ ಕಾಲವಾಗಿತ್ತೋ. ಅದನ್ನು ಒಯ್ಯಲು ಜ್ಯಾಕ್ ಬೇಡ, ಸ್ಪ್ಯಾನರ್ ಬೇಡ. ಒಂದು ಪ್ಲಗ್ ಎಳೆದು, ಎರಡು ಕ್ಲಿಪ್ ಬಿಡಿಸಿ, ಬುಟ್ಟಿಯ ಹಾಗೆ ಕೈಯಲ್ಲಿ ಹಿಡಿದು ನಡೆದರಾಯಿತು. ಅನ್ಸಾರ್ ಸೂಟ್‌ಕೇಸನ್ನು ನಿಧಾನವಾಗಿ ನೆಲಕ್ಕಿಟ್ಟ. ಮುಚ್ಚಳ ತೆಗೆದು ನೋಡಿದ. ಅಚ್ಚುಕಟ್ಟಾಗಿ ಕತ್ತರಿಸಿದ ಹನ್ನೆರಡು ತುಂಡು ಅಂಜಲ್. ಮುಂದಿನ ಸೀಟಿನಿಂದ ಉಮ್ಮ, "ಎಂತ ಮೋನೆ, ಬೇಗ ಹತ್ತು, ಈಗ ಸುಲಭ ಉಂಟು," ಎಂದು ಅಳಿಯನನ್ನು ಕರೆಯುತ್ತಿದ್ದರು. ಅವನು ಮುಚ್ಚಳ ಮುಚ್ಚಿ ಹೆಂಡತಿಯ ಕಡೆ ತಿರುಗಿದ. ಆಮೇಲೆ ಬಹಳ ಮೆಲ್ಲಗೆ ಕೇಳಿದ: "ಸಬೀನಾ, ನಿನ್ನ ಕಳ್ಳರು ಮೀನು ತಿನ್ನುದಿಲ್ವಾ?"