ಸಾದಲಿಯಾಚೆಯ ಗುಡಿಯಲ್ಲಿ ಮೂರನೇ ಸುತ್ತು

೧೯೯೧ರಲ್ಲಿ ನಾನೂ ನನ್ನ ಹೆಂಡತಿ ಜಲಜಳೂ ಚಿಕ್ಕಬಳ್ಳಾಪುರದ ಖಲೀಮುಲ್ಲಾ ಸಾಹೇಬರ ಅಂಬಾಸಿಡರ್ ಬಾಡಿಗೆಗೆ ಹಿಡಿದು, ಒಂದು ದಿನ ಬೆಟ್ಟ, ಕಾಡು, ಗುಡಿ ನೋಡಲು ಹೊರಟಿದ್ದೆವು. ಕಾರು ಓಡಿಸುವವರೂ ಸ್ಥಳಪುರಾಣ ಹೇಳುವವರೂ ಅವರೇ. ದೇವರುಗಳ ಮನೆಜಗಳಗಳನ್ನು ಪಕ್ಕದ ಮನೆಯವರ ಹಾಗೆ ವರ್ಣಿಸುತ್ತಿದ್ದರು.

ಸಾದಲಿಯಾಚೆಯ ಗುಡ್ಡ ಹತ್ತಿದಾಗ ಮಧ್ಯಾಹ್ನ. ಪೂಜಾರಿ ಗುಡಿಗೆ ಬೀಗ ಹಾಕಿ ಊಟಕ್ಕೆ ಹೋಗಿದ್ದ.

"ಪ್ರದಕ್ಷಿಣೆನಾದ್ರೂ ಹಾಕಿ ಬರ್ತೀನಿ" ಎಂದು ಜಲಜ ಎಡಗಡೆಯಿಂದ ಹೊರಟಳು. ಎರಡು ಸುತ್ತು ಮುಗಿಸಿ ಬಲಗಡೆಯಿಂದ ಬಂದಳು. ಮೂರನೆಯದಕ್ಕೆ ಹೋದವಳು ಎಡಗಡೆಯಿಂದಲೇ ವಾಪಸು ಬಂದಳು. ನಮ್ಮಲ್ಲಿ ಹಾಗೆ ಅಪ್ರದಕ್ಷಿಣೆಯಾಗಿ ಹೆಣ ಸುತ್ತುವವರು ಮಾತ್ರ ಬರುತ್ತಾರೆ.

"ಯಾಕೇ ಉಲ್ಟಾ ಬಂದೆ?"

"ಹೋಗಣ ಬನ್ನಿ."

ಕಾಲಿಡಲಾಗದಷ್ಟು ಕಾದ ಬಂಡೆಯ ಮೇಲೆ ಅವಳು ಬರಿಗಾಲಲ್ಲಿ ಅಲುಗಾಡದೆ ನಿಂತಿದ್ದಳು. ಗುಡಿಯ ಹಿಂದೆ ಅವಳ ಕಾಲ್ಗೆಜ್ಜೆಯ ಸದ್ದು ಇನ್ನೂ ನಿಧಾನವಾಗಿ ನಡೆಯುತ್ತಿತ್ತು. ನಾನು ಓಡಿಹೋಗಿ ನೋಡಿದೆ. ಸದ್ದು ಪ್ರತಿಸಲವೂ ಒಂದು ಮೂಲೆ ಮುಂದೆ ಇರುತ್ತಿತ್ತು. ಯಾರೂ ಸಿಗಲಿಲ್ಲ.

ಮುಂದಕ್ಕೆ ಬಂದರೆ ಅವಳು ಕಾರಿನಲ್ಲಿ ಕೂತಾಗಿತ್ತು. ಸಾಹೇಬರು ಬಾಗಿಲ ಬಳಿ ನಿಂತು, ಅವಳತ್ತ ನೋಡದೆ, ಮೆಲ್ಲಗೆ ಕೇಳಿದರು: "ಸಾರ್, ಇವರನ್ನ ಕರ್ಕೊಂಡು ಹೋಗಣವಾ? ಇಲ್ಲಾ ಅಮ್ಮೋರು ಬರೋ ತನಕ ಕಾಯಣವಾ?"

ಗೊತ್ತಿರುವ ಮುಖ ಕಾರಿನಲ್ಲಿತ್ತು, ಹತ್ತಿ ಕೂತೆ.

ಗುಡ್ಡ ಇಳಿಯುವಾಗ ಮೇಲಿನಿಂದ ಜಲಜಳ ದನಿ ಕೇಳಿಸಿತು: "ರೀ, ಎಲ್ಲಿದ್ದೀರಿ?"

ಪಕ್ಕದಲ್ಲಿ ಕೂತವಳು ಕಿಟಕಿಯ ಗಾಜು ಏರಿಸಿದಳು.