ಬೇಲಿಗೆ ಹರವಿದ ಸೀರೆ

ಕಳೆದ ವರ್ಷ ನಾವಿರುವ ಹರ್ನ್‌ಡನ್‌ನಿಂದ ಕೆರೊಲಿನಾ ಕಡೆಯ ಒಂದು ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಕಡಲ ದಡದ ಪಕ್ಕದಲ್ಲೇ ಇದ್ದ ರನ್‌ವೇ ತೀರಾ ಗಿಡ್ಡ, ಪುಟ್ಟ ವಿಮಾನಗಳಿಗಷ್ಟೇ ಸಾಕು. ಸಮುದ್ರದಲ್ಲಿ ಮಿಂದು ಬಂದ ನನ್ನ ಹೆಂಡತಿ ಶೀಲಾ ಒದ್ದೆ ಸೀರೆಯನ್ನು ಅದರ ಬೇಲಿಗೆ ಹರವಿದಳು.

“ಪೊಲೀಸ್ ಬರ್ತಾನೆ, ತೆಗಿಯೇ,” ಎಂದು ರೇಗಿದೆ.

“ಬಂದ್ರೆ ಮಡಚಿಕೊಡ್ಲಿ, ಸುಮ್ನಿರಿ.”

ಅಷ್ಟರಲ್ಲಿ ಮೋಡದೊಳಗಿಂದ ಭಾರೀ ಜೆಟ್ಟೊಂದು ನೇರ ಅವಳ ತಲೆಯ ಮೇಲೇ ಇಳಿದುಬಂತು. ಕಿಟಕಿಗಳಲ್ಲಿ ಜನರಿದ್ದರು. ಸದ್ದೇ ಇರಲಿಲ್ಲ, ಬೇಲಿಯ ಮೇಲಿನ ಸೀರೆಯ ಸೆರಗೂ ಅಲುಗಲಿಲ್ಲ. ಓಡಿಹೋಗಿ ಅವಳನ್ನು ಎಳೆದುಕೊಂಡೆ. ತಿರುಗಿ ನೋಡಿದರೆ ರನ್‌ವೇ ಖಾಲಿ.

“ಏನಾಯ್ತ್ರೀ? ಕೈ ನೋಯ್ತಿದೆ, ಬಿಡಿ,” ಎಂದಳು. ಅವಳಿಗೇನೂ ಕಂಡಿರಲಿಲ್ಲ.

ಅವಳು ನೆಟ್ಟಗಿದ್ದಾಳಲ್ಲ, ನನಗಷ್ಟು ಸಾಕು. ಈಗಲೂ ಅದೇ ಸೀರೆಯುಟ್ಟು ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ನಗುನಗುತ್ತ ಬರುತ್ತಾಳೆ. ಅಂದು ಬೇಲಿಯಿಂದ ತೆಗೆದದ್ದು ಮಾತ್ರ ನಾನೇ. ಆಗಷ್ಟೇ ನೀರು ತೊಟ್ಟಿಕ್ಕುತ್ತಿದ್ದ ಸೀರೆ ಪೂರ್ತಿ ಒಣಗಿ, ಇಸ್ತ್ರಿ ಹಾಕಿದಷ್ಟು ಬಿಸಿಯಾಗಿತ್ತು.